ಮದ್ದಿಗೆ ಮಣಿಯದ ಮನೋರೋಗ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಶಾಲೆಯ ಸಂಘವೊಂದರ ವಾರ್ಷಿಕ ಸಮಾರಂಭದಲ್ಲಿ ವಿದ್ಯೆಯ ವಿಷಯವಾಗಿಯೋ ನಾಡುನುಡಿಯ ವಿಷಯವಾಗಿಯೋ ಮಾತನಾಡುವುದು ವಾಡಿಕೆ. ಚಿತ್ತರೋಗದ ಮಾತು ಇಲ್ಲಿಗೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಆದುದರಿಂದ ಕಾರಣವನ್ನು ಮೊದಲೇ ಅರಿಕೆಮಾಡಿಕೊಳ್ಳುವೆನು. ನಾನು ಹೇಳಹೊರಟಿರುವ ರೋಗವು ಬಹುಮಟ್ಟಿಗೆ 16ರಿಂದ 30ರ ವಯಸ್ಸಿನೊಳಗೆ ತಲೆದೋರುವುದು. ನಮ್ಮ ಶಾಲೆಯಲ್ಲಿ ಕಲಿತು ಹೊರಬಿದ್ದ ಹುಡುಗನು ಕಾಲೇಜಿಗೆ ಸೇರುವ, ಮಗ್ಗಕ್ಕೆ ಕೂಡುವ, ಇಲ್ಲವೆ ಬೆಂಗಳೂರು ಪುಣೆಗಳಿಗೆ ದುಡಿಯಲು ಹೊರಡುವ ಕಾಲವೇ ಅದರ ಕಾಲ. ತರಗತಿಯಲ್ಲಿ ಜಾಣನೆನಿಸಿಕೊಂಡಿದ್ದವನು ಎರಡು ವರ್ಷಗಳಲ್ಲಿ ಮನೆಯ ಮೂಲೆ ಹಿಡಿದನೆಂದರೆ, ಆ ಬದಲಾವಣೆಯನ್ನು ಮೊದಲು ಕಾಣಬಲ್ಲವರು ಹೆತ್ತವರು. ಅವರ ಬಳಿಕ, ಅವನಿಗೆ ಪಾಠ ಹೇಳಿದ ಗುರುಗಳು.

ಈ ರೋಗಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರು. 1908ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಆಯ್ಗನ್ ಬ್ಲಾಯ್ಲರ್ ಎಂಬವರು ಇಟ್ಟ ಹೆಸರು ಇದು. ಕನ್ನಡದಲ್ಲಿ ಇದನ್ನು ಇಚ್ಛಿತ್ತ ವಿಕಲತೆ ಎಂದೂ ಛಿದ್ರಮನಸ್ಕತೆ ಎಂದೂ ಕರೆದಿರುವರು. ನಮ್ಮ ಜನ ಮಾತ್ರ ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ, ತಲೆ ಕೆಟ್ಟಿದೆ ಎಂದೇ ಆಡಿಕೊಳ್ಳುವರು. ಹೆಸರಿನಲ್ಲಿಯೇ ಅವಮಾನವಿದೆಯೆಂದು ಜಪಾನಿನವರು 2002ರಲ್ಲಿ ತಮ್ಮ ಭಾಷೆಯಲ್ಲಿ ಈ ರೋಗದ ಹೆಸರನ್ನೇ ಬದಲಿಸಿದರು. ನಾವು ಹೆಸರಿನ ಚರ್ಚೆಗೆ ಹೋಗುವುದು ಬೇಡ. ಲಕ್ಷಣಗಳನ್ನು ಮಾತ್ರ ತಿಳಿದುಕೊಳ್ಳೋಣ. ಯಾರೂ ಇಲ್ಲದಿರುವಾಗ ದನಿಗಳು ಕೇಳಿಸುವುವು. ಅವು ಬೈಯುವುವು, ಆಜ್ಞೆ ಮಾಡುವುವು. ನೆರೆಯವರು ತನ್ನ ಮೇಲೆ ಹೊಂಚು ಹಾಕಿದ್ದಾರೆ, ಅನ್ನದಲ್ಲಿ ವಿಷ ಬೆರೆಸಿದ್ದಾರೆ ಎಂಬ ನಂಬಿಕೆ ಬಲವಾಗುವುದು. ಮಾತಿನ ಎಳೆ ತಪ್ಪುವುದು. ಇವು ಎದ್ದು ಕಾಣುವ ಲಕ್ಷಣಗಳು. ಎದ್ದು ಕಾಣದವೂ ಇವೆ: ಸ್ನಾನ ಬೇಡವಾಗುವುದು, ನಗು ಮಾಯವಾಗುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಮನೆಯವರು ಇದನ್ನು ಸೋಮಾರಿತನವೆಂದು ಬಗೆದು ಬೈಯುವರು. ಕಾಲು ಮುರಿದವನನ್ನು ಓಡಲಿಲ್ಲವೆಂದು ಬೈದ ಹಾಗಾಯಿತು ಅದು.

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದರು. ಕರ್ನಾಟಕವೂ ತೆಲಂಗಾಣವೂ ಆ ಹನ್ನೆರಡರಲ್ಲಿ ಇರಲಿಲ್ಲವಾದರೂ ಅದರ ಅಂಕಿಗಳು ನಮಗೆ ದಾರಿ ತೋರುವುವು. ವಯಸ್ಕರಲ್ಲಿ ನೂರಕ್ಕೆ 1.4ರಷ್ಟು ಮಂದಿ ಬಾಳಿನಲ್ಲಿ ಒಮ್ಮೆಯಾದರೂ ಈ ವರ್ಗದ ರೋಗಗಳಿಗೆ ತುತ್ತಾದವರು. ಅಂಥವರಲ್ಲಿ ನಾಲ್ವರಿಗೆ ಮೂವರು ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ.

ಚಿಕಿತ್ಸೆ ಪಡೆದವರ ಗತಿಯೇನು? ಅದೇ ಇಂದಿನ ನನ್ನ ವಿಷಯ. ಮೊದಲ ಮದ್ದಿಗೋ ಎರಡನೆಯದಕ್ಕೋ ಮೂವರಲ್ಲಿ ಇಬ್ಬರು ಸಾಕಷ್ಟು ಚೇತರಿಸಿಕೊಳ್ಳುವರು. ಉಳಿದ ಒಬ್ಬನಿಗೆ ಮಾತ್ರ ಮದ್ದು ಹಿಡಿಯುವುದಿಲ್ಲ. ದನಿಗಳು ನಿಲ್ಲುವುದಿಲ್ಲ, ಸಂಶಯ ಕರಗುವುದಿಲ್ಲ. ಹೊಲ ಮಾರಿ, ಬಂಗಾರ ಒತ್ತೆಯಿಟ್ಟು, ಮಹಬೂಬನಗರ, ರಾಯಚೂರು, ಹೈದರಾಬಾದುಗಳನ್ನು ಸುತ್ತಿ ಬಂದ ಮನೆಯವರು ಕಟ್ಟಕಡೆಗೆ "ಇದು ಗುಣವಾಗುವ ರೋಗವಲ್ಲ" ಎಂಬ ಮಾತನ್ನು ಗಂಟುಕಟ್ಟಿಕೊಂಡು ಊರಿಗೆ ಮರಳುವರು. ಆ ಮಾತು ಎಷ್ಟು ಮನೆಗಳಲ್ಲಿ ಬೆಳಕು ನಂದಿಸಿದೆಯೆಂಬುದನ್ನು ನಾನು ಕಂಡಿರುವೆನು. ಅದು ಪೂರ್ತಿ ನಿಜವಲ್ಲವೆಂದು ತಿಳಿಸುವುದಕ್ಕಾಗಿಯೇ ಇಲ್ಲಿ ನಿಂತಿರುವೆನು.

ವಾಸಿಯಾಗದ ಉನ್ಮಾದವೊಂದುಂಟೆಂದು ನಮ್ಮ ಪ್ರಾಚೀನರೂ ಬಲ್ಲರು. ಚರಕಸಂಹಿತೆಯಲ್ಲಿ ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ, ಆಗಂತುಕ ಎಂದು ಐದು ಬಗೆಯಾಗಿ ವಿಂಗಡಿಸಿ, ಮೂರು ದೋಷಗಳೂ ಕೂಡಿ ಕೆರಳಿದ ಸನ್ನಿಪಾತದ ಬಗೆಯನ್ನು ಅಸಾಧ್ಯವೆಂದು ಹೇಳಿದೆ. ನಮ್ಮ ಸೀಮೆಯವರಿಗೆ ನಿಜಾಮರ ಕಾಲದಲ್ಲಿದ್ದ ಮಾನಸಿಕ ಆಸ್ಪತ್ರೆಯೆಂದರೆ ಮರಾಠವಾಡದ ಜಾಲ್ನಾದಲ್ಲಿದ್ದುದು. 1953ರಲ್ಲಿ ಅದನ್ನು ಹೈದರಾಬಾದಿನ ಎರ್ರಗಡ್ಡಕ್ಕೆ ತಂದರು. ಆ ಕಾಲದ ಆಸ್ಪತ್ರೆಗಳಲ್ಲಿ ಕಾವಲು ಹೆಚ್ಚು, ಚಿಕಿತ್ಸೆ ಕಡಿಮೆ. ಇರುವ ಮದ್ದುಗಳಾದರೂ ನಿದ್ದೆ ಬರಿಸುವಂಥವು. 1952ರಲ್ಲಿ ಪ್ಯಾರಿಸಿನ ಡೆಲೆ ಮತ್ತು ಡೆನಿಕೆ ಎಂಬ ವೈದ್ಯರಿಬ್ಬರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಕೊಟ್ಟು ನೋಡಿದ ಮೇಲೆ ಈ ಚಿತ್ರವು ಬದಲಾಯಿತು. ಮಿದುಳಿನಲ್ಲಿ ಡೋಪಮೀನ್ ಎಂಬ ರಸದ ಹಾವಳಿಯನ್ನು ತಗ್ಗಿಸುವುದು ಆ ಔಷಧದ ಕೆಲಸ. ಆಮೇಲೆ ಬಂದ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪೀನ್ ಮುಂತಾದವೆಲ್ಲ ಸ್ಥೂಲವಾಗಿ ಅದೇ ಬಾಗಿಲನ್ನು ಮುಚ್ಚುವುವು. ಕೆಲವರ ಮಿದುಳಿನಲ್ಲಿಯಾದರೋ ತೊಡಕು ಆ ಬಾಗಿಲಿನಲ್ಲಿಯೇ ಇರುವುದಿಲ್ಲ. ಡೋಪಮೀನ್ ಅವರಲ್ಲಿ ಮಿತಿಮೀರಿಲ್ಲವೆಂದು ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದ ಸಂಶೋಧಕರು ಕಂಡಿರುವರು. ಅಂಥವರಿಗೆ ಮದ್ದಿನ ಪ್ರಮಾಣವನ್ನು ಎಷ್ಟು ಏರಿಸಿದರೂ ಕೈ ನಡುಗುವುದು, ಜೊಲ್ಲು ಸುರಿಯುವುದು, ದನಿ ಮಾತ್ರ ನಿಲ್ಲದು.

ಹಾಗಾದರೆ ಯಾವ ರೋಗವನ್ನು ಮದ್ದಿಗೆ ಮಣಿಯದ್ದೆಂದು ಕರೆಯಬೇಕು? ಇದಕ್ಕೆ ಈಗ ಒಂದು ಕಟ್ಟಳೆಯಿದೆ. ಎರಡು ಬೇರೆ ಬೇರೆ ಔಷಧಗಳನ್ನು, ಒಂದೊಂದನ್ನೂ ತಕ್ಕ ಪ್ರಮಾಣದಲ್ಲಿ ಕನಿಷ್ಠ 6 ವಾರ, ತಪ್ಪದೆ ಕೊಟ್ಟೂ ಗುಣ ಕಾಣದಿದ್ದರೆ ಹಾಗೆ ಕರೆಯಬೇಕು. ಈ ಮಾತಿನಲ್ಲಿ "ತಪ್ಪದೆ" ಎಂಬುದರ ಕಡೆಗೆ ತಮ್ಮ ಲಕ್ಷ್ಯವನ್ನು ಸೆಳೆಯಬಯಸುವೆನು. ಮದ್ದು ಸೋತಿತೆಂದು ನಮ್ಮ ಬಳಿಗೆ ಬರುವವರಲ್ಲಿ ಅನೇಕರಿಗೆ ಮದ್ದು ಹೊಟ್ಟೆ ಸೇರಿಯೇ ಇರುವುದಿಲ್ಲ. ಗುಳಿಗೆಯನ್ನು ನಾಲಿಗೆಯಡಿ ಬಚ್ಚಿಟ್ಟು ಹಿತ್ತಲಲ್ಲಿ ಉಗುಳುವವರುಂಟು. ಗುಳಿಗೆ ಉಷ್ಣವೆಂದು ಅರ್ಧ ಮುರಿದು ಕೊಡುವ ಅಜ್ಜಿಯರುಂಟು. ಹಬ್ಬ, ಮದುವೆಯ ದಿನ ಮದ್ದು ಬೇಡವೆನ್ನುವ ಹಿರಿಯರುಂಟು. ಇನ್ನು ನಮ್ಮ ಪಾಲಮೂರು ಸೀಮೆಯ ದೊಡ್ಡ ಸಂಕಟವೆಂದರೆ ವಲಸೆ. ಮಳೆ ಕೈಕೊಟ್ಟಿತೆಂದರೆ ಕುಟುಂಬವೇ ಮುಂಬಯಿಗೋ ಬೆಂಗಳೂರಿಗೋ ಕಟ್ಟಡದ ಕೆಲಸಕ್ಕೆ ಹೊರಡುವುದು. ಊರಿನ ದವಾಖಾನೆಯ ಚೀಟಿ ಅಲ್ಲಿ ನಡೆಯದು. ಮೂರು ತಿಂಗಳು ಮದ್ದು ನಿಂತು, ರೋಗ ಮರುಕಳಿಸಿ, ಹೊಸ ವೈದ್ಯರು ಹೊಸ ಗುಳಿಗೆ ಬರೆಯುವರು.

ನೇಕಾರ ಮನೆತನದ ತರುಣನೊಬ್ಬನನ್ನು ಅವನ ತಾಯಿ ನನ್ನಲ್ಲಿಗೆ ಕರೆತಂದಿದ್ದರು. ರೋಗಕ್ಕೆ ಆರು ವರ್ಷ ತುಂಬಿದ್ದಿತು. ಚೀಲದ ತುಂಬ ಚೀಟಿಗಳು. ಎಣಿಸಿ ನೋಡಿದರೆ ಐದು ಬಗೆಯ ಔಷಧಗಳು ಆಗಿಹೋಗಿದ್ದುವು. ಆದರೆ ತಾರೀಖುಗಳನ್ನು ಸಾಲಾಗಿ ಜೋಡಿಸಿದಾಗ, ಒಂದನ್ನಾದರೂ 6 ವಾರ ಪೂರ್ತಿ ಕೊಟ್ಟ ಗುರುತು ಸಿಗಲಿಲ್ಲ. ಹದಿನೈದು ದಿನಕ್ಕೆ ಗುಣ ಕಾಣದೆ ಮನೆಯವರು ವೈದ್ಯರನ್ನು ಬದಲಿಸಿದ್ದರು, ವೈದ್ಯರು ಮದ್ದನ್ನು ಬದಲಿಸಿದ್ದರು. ಕಾಗದದ ಮೇಲೆ ಐದು ಸೋಲು. ವಾಸ್ತವದಲ್ಲಿ ಪಂದ್ಯವೇ ನಡೆದಿರಲಿಲ್ಲ. ಇವನ ಕಥೆಯನ್ನು ಮುಂದೆ ಹೇಳುವೆನು.

ಸೇಂದಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಮರದಿಂದ ಇಳಿಸಿದ ಸೇಂದಿ ಬೇರೆ. ಅಂಗಡಿಯಲ್ಲಿ ಆಲ್‌ಪ್ರಜೋಲಾಮ್, ಕ್ಲೋರಲ್ ಹೈಡ್ರೇಟ್ ಮುಂತಾದ ನಿದ್ದೆಯ ಮದ್ದು ಬೆರೆಸಿ ಮಾರುವ ಸೇಂದಿ ಬೇರೆ. 2015ರಲ್ಲಿ ತೆಲಂಗಾಣ ಸರಕಾರವು ಕಲಬೆರಕೆ ಸೇಂದಿಯ ಮೇಲೆ ಬಿಗಿ ಕ್ರಮ ಕೈಕೊಂಡಾಗ ಪಾಲಮೂರು, ನಿಜಾಮಾಬಾದ ಕಡೆಯ ಅನೇಕರು ನಡುಕ, ಫಿಟ್ಸು, ಭ್ರಮೆಗಳಿಂದ ದವಾಖಾನೆ ಸೇರಿದರು. ಹಠಾತ್ತನೆ ಸೇಂದಿ ನಿಂತುದರ ಫಲ ಅದು. ಇಂಥ ಭ್ರಮೆಯನ್ನು ಸ್ಕಿಜೋಫ್ರೇನಿಯಾವೆಂದು ಬಗೆದು ವರ್ಷಗಟ್ಟಲೆ ಗುಳಿಗೆ ನುಂಗಿಸಿದರೆ ಗುಣವಾಗುವುದಾದರೂ ಹೇಗೆ? ಸೇಂದಿ, ಗಾಂಜಾಗಳ ಅಭ್ಯಾಸವಿದ್ದರೆ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಮಾನ ಹೋಗುವುದೆಂದು ಮುಚ್ಚಿಟ್ಟರೆ ಮಗನ ಆಯುಷ್ಯ ಹೋಗುವುದು.

ಇದಕ್ಕೆ ಸೇರಿದ ಇನ್ನೊಂದು ಅಂಶವು ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದುದು. ಮನೋವೈದ್ಯನಿಗೆ ರಕ್ತಪರೀಕ್ಷೆಯಿಂದ ಈ ರೋಗ ತಿಳಿಯದು, ಎಕ್ಸ್‌ರೇಯಿಂದ ತಿಳಿಯದು. ರೋಗಿಯ ಮಾತೇ ಅವನಿಗೆ ನಾಡಿ. ಮಾತಿನ ಎಳೆ ಎಲ್ಲಿ ಕಡಿಯುತ್ತದೆ, ಯಾವ ಪದ ಎಲ್ಲಿ ಹೊರಳುತ್ತದೆ ಎಂಬುದನ್ನು ಕೇಳಿಯೇ ಅವನು ನಿರ್ಣಯಿಸಬೇಕು. 1956ರಲ್ಲಿ ಹೈದರಾಬಾದು ಸಂಸ್ಥಾನವನ್ನು ಹಂಚಿದಾಗ ರಾಯಚೂರು ಮೈಸೂರಿಗೆ ಸೇರಿತು, ನಾವು ಆಂಧ್ರಕ್ಕೆ ಸೇರಿದೆವು, 2014ರಿಂದ ತೆಲಂಗಾಣದವರು. ಕೃಷ್ಣಾ ಹೊಳೆಯ ದಂಡೆಯ ಹಳ್ಳಿಯ ಹುಡುಗನು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಬೆರೆಸಿ ಆಡುವವನು. ಅವನ ತೊದಲು ತೆಲುಗನ್ನು ಕೇಳಿದ ಹೊಸ ವೈದ್ಯರಿಗೆ ಚಿತ್ತದ ಎಳೆ ತಪ್ಪಿದೆಯೆಂದು ತೋರಬಹುದು; ಇಲ್ಲವೆ, ನಿಜವಾಗಿಯೂ ತಪ್ಪಿದ ಎಳೆಯು ಭಾಷೆಯ ತೊಡಕೆಂದು ತೋರಬಹುದು. ಎರಡರಿಂದಲೂ ಹಾನಿಯೇ. ಆದುದರಿಂದ ರೋಗಿಯ ಜೊತೆಗೆ ಎರಡು ಭಾಷೆಯನ್ನೂ ಬಲ್ಲ ಒಬ್ಬರು ಹೋಗತಕ್ಕದ್ದು. "ಅವನು ಮನೆಯಲ್ಲಿ ಕನ್ನಡದಲ್ಲಿಯೂ ಹೀಗೆಯೇ ಮಾತನಾಡುವನೇ?" ಎಂದು ವೈದ್ಯರು ಕೇಳದಿದ್ದರೂ ತಾವೇ ಹೇಳತಕ್ಕದ್ದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಭಾಷಾಸೇವೆ ಉಂಟೋ ನಾನರಿಯೆ.

ಈ ಎಲ್ಲವನ್ನೂ ಸರಿಪಡಿಸಿ, ಎರಡು ಔಷಧಗಳನ್ನು ಕ್ರಮವಾಗಿ ಕೊಟ್ಟು ನೋಡಿದ ಮೇಲೆಯೂ ರೋಗ ಮಣಿಯಲಿಲ್ಲವೆನ್ನೋಣ. ಆಗ ಒಂದು ಔಷಧವಿದೆ. ಅದರ ಹೆಸರು ಕ್ಲೋಜಪೀನ್. ಅದರ ಚರಿತ್ರೆಯೇ ಒಂದು ಕಥೆ. 1958ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಈ ಮದ್ದನ್ನು ಯೂರೋಪಿನಲ್ಲಿ ಬಳಸತೊಡಗಿದ್ದರು. 1975ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ಸೇವಿಸಿದ 16 ಮಂದಿಗೆ ರಕ್ತದಲ್ಲಿ ಬಿಳಿಯ ಕಣಗಳು ವಿಪರೀತ ಇಳಿದುಹೋಗಿ 8 ಮಂದಿ ಸೋಂಕಿನಿಂದ ಸತ್ತರು. ಮದ್ದು ಅನೇಕ ದೇಶಗಳಲ್ಲಿ ಮೂಲೆಗೆ ಬಿದ್ದಿತು. ಆದರೆ ಬೇರೆ ಯಾವುದಕ್ಕೂ ಬಗ್ಗದ ರೋಗಿಗಳು ಇದರಿಂದ ಎದ್ದು ಕುಳಿತುದನ್ನು ಕಂಡ ವೈದ್ಯರು ಮರೆಯಲಿಲ್ಲ. ಅಮೆರಿಕದಲ್ಲಿ ಜಾನ್ ಕೇನ್ ಮತ್ತು ಸಂಗಡಿಗರು, ಹಲವು ಮದ್ದುಗಳಿಗೆ ಮಣಿಯದ 268 ರೋಗಿಗಳಲ್ಲಿ ಕೆಲವರಿಗೆ ಕ್ಲೋಜಪೀನನ್ನೂ ಉಳಿದವರಿಗೆ ಕ್ಲೋರ್‌ಪ್ರೊಮಜೀನನ್ನೂ 6 ವಾರ ಕೊಟ್ಟು ನೋಡಿ 1988ರಲ್ಲಿ ಪ್ರಕಟಿಸಿದರು. ಹಳೆಯ ಮದ್ದಿನಿಂದ ಸುಧಾರಿಸಿದವರು ನೂರಕ್ಕೆ 4. ಕ್ಲೋಜಪೀನಿನಿಂದ ನೂರಕ್ಕೆ 30. ಮರುವರ್ಷವೇ ಅಲ್ಲಿನ ಸರಕಾರವು ರಕ್ತಪರೀಕ್ಷೆಯ ಕರಾರಿನ ಮೇಲೆ ಅದಕ್ಕೆ ಅನುಮತಿಯಿತ್ತಿತು. 6 ವಾರಕ್ಕೆ ಸುಧಾರಿಸದವರಲ್ಲಿಯೂ ಕೆಲವರು ಮುಂದಿನ ತಿಂಗಳುಗಳಲ್ಲಿ ಸುಧಾರಿಸುವರು. ಆತ್ಮಹತ್ಯೆಯ ಹಂಬಲವನ್ನು ತಗ್ಗಿಸುವುದರಲ್ಲಿಯೂ ಇದಕ್ಕೆ ಸಮನಾದ ಔಷಧ ಈ ರೋಗದಲ್ಲಿ ಇನ್ನೊಂದಿಲ್ಲ.

ಇದು ನಮ್ಮ ದೇಶದಲ್ಲಿಯೇ ತಯಾರಾಗುವುದು, ಬಡವರ ಕೈಗೂ ನಿಲುಕುವ ಬೆಲೆಗೆ ಸಿಕ್ಕುವುದು. ಆದರೂ ರೋಗಿಗೆ ಇದು ದೊರೆಯುವ ಹೊತ್ತಿಗೆ ವರ್ಷಗಳೇ ಕಳೆದಿರುವುವು. ವೈದ್ಯರಿಗೆ ರಕ್ತದ ಭಯ, ಮನೆಯವರಿಗೆ ಸೂಜಿಯ ಭಯ, ಇಬ್ಬರಿಗೂ ಬಸ್ಸಿನ ಖರ್ಚಿನ ಭಯ. ರಕ್ತಕಣ ಕುಸಿಯುವ ಅಪಾಯ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ. ಅದೂ ಬಹುಪಾಲು ಮೊದಲ ನಾಲ್ಕೈದು ತಿಂಗಳಲ್ಲಿ. ಆ ಕಾರಣದಿಂದ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತವನ್ನು ನೋಡುವ ಪದ್ಧತಿಯುಂಟು. ಬೇಕಾದುದು ನಮ್ಮ ಕಡೆ ಎಲ್ಲರೂ ಸಿ.ಬಿ.ಪಿ. ಎಂದು ಕರೆಯುವ ಸಾಮಾನ್ಯ ಪರೀಕ್ಷೆ. ಜ್ವರ ಬಂದಾಗ ಮಾಡಿಸುವಂಥದೇ. ಇದಕ್ಕಾಗಿ ಹೈದರಾಬಾದಿಗೆ ಹೋಗಬೇಕಾದುದಿಲ್ಲ. ಊರಿನ ಪರೀಕ್ಷಾಲಯದಲ್ಲಿ ಮಾಡಿಸಿ ವರದಿಯನ್ನು ಫೋನಿನಲ್ಲಿ ವೈದ್ಯರಿಗೆ ಕಳುಹಿಸಿದರೂ ಸಾಲುವುದು.

ಮನೆಯವರು ಬಲ್ಲಿರಬೇಕಾದ ಕೆಲವು ಎಚ್ಚರಿಕೆಗಳುಂಟು. ಜ್ವರ, ಗಂಟಲು ನೋವು ಕಂಡರೆ ಅಂದೇ ರಕ್ತ ನೋಡಿಸಬೇಕು. ಮಲಬದ್ಧತೆಯನ್ನು ಅಲ್ಪವೆಂದು ಬಗೆಯಬಾರದು; ಈ ಮದ್ದಿನಲ್ಲಿ ಅದು ಪ್ರಾಣಕ್ಕೆ ಬಂದುದುಂಟು. ಮೊದಲ ತಿಂಗಳಲ್ಲಿ ಎದೆ ನೋವು, ಏದುಸಿರು ಕಂಡರೆ ತಡಮಾಡಬಾರದು. ತೂಕ, ಸಕ್ಕರೆ ಏರದಂತೆ ನೋಡಿಕೊಳ್ಳಬೇಕು. ಎರಡು ದಿನಕ್ಕಿಂತ ಹೆಚ್ಚು ಮದ್ದು ತಪ್ಪಿದರೆ ಹಳೆಯ ಪ್ರಮಾಣವನ್ನೇ ಒಮ್ಮೆಲೆ ಕೊಡಕೂಡದು. ವೈದ್ಯರನ್ನು ಕೇಳಿ ಪುನಃ ಕೆಳಗಿನಿಂದ ಏರಿಸಬೇಕು. ಬೀಡಿಯ ಹೊಗೆಯು ಈ ಮದ್ದನ್ನು ಯಕೃತ್ತಿನಲ್ಲಿ ಬೇಗನೆ ಕರಗಿಸಿಬಿಡುವುದು. ಬೀಡಿ ಬಿಡುವುದು ಒಳ್ಳೆಯದೇ. ಆದರೆ ದಿನಕ್ಕೆರಡು ಕಟ್ಟು ಸೇದುತ್ತಿದ್ದವನು ಶ್ರಾವಣ ಹಿಡಿದನೆಂದು ಒಮ್ಮೆಲೆ ಬಿಟ್ಟರೆ ರಕ್ತದಲ್ಲಿ ಮದ್ದು ಏರಿ ಮಂಪರು, ಫಿಟ್ಸು ಬರಬಹುದು. ಹೇಳಿ ಬಿಡಬೇಕು, ಅಷ್ಟೆ.

ಆ ನೇಕಾರ ತರುಣನ ಮಾತಿಗೆ ಬರುವೆನು. ಮೊದಲು ಎರಡು ಔಷಧಗಳನ್ನು ಕ್ರಮವಾಗಿ ಕೊಟ್ಟೆವು. ತಾಯಿ ಎದುರಿಗೆ ಕುಳಿತು ನುಂಗಿಸಿದರು. ಗುಣವಾಗಲಿಲ್ಲ. ಆಮೇಲೆ ಕ್ಲೋಜಪೀನ್ ಆರಂಭಿಸಿದೆವು, 12.5 ಮಿಲಿಗ್ರಾಮಿನಿಂದ ಮೆಲ್ಲಮೆಲ್ಲಗೆ. ಮೂರನೆಯ ತಿಂಗಳು ಅವನು ತಾಯಿಗೆ ಹೇಳಿದನಂತೆ: "ಅವರು ಇನ್ನಾ ಮಾತಾಡ್ತಾರವ್ವಾ, ಆದ್ರ ಈಗ ಬಾಗಿಲ ಹೊರಗ ನಿಂತು ಮಾತಾಡ್ತಾರ." ಆರನೆಯ ತಿಂಗಳು ಅವನು ತಾನಾಗಿ ಕಂಡಿಕೆ ಸುತ್ತಲು ಕುಳಿತನು. ಮಗ್ಗಕ್ಕೆ ಇನ್ನೂ ಕುಳಿತಿಲ್ಲ. ಕುಳಿತುಕೊಳ್ಳುವನೋ ಇಲ್ಲವೋ ಹೇಳಲಾರೆ. ದನಿ ಬಾಗಿಲ ಹೊರಗೆ ನಿಂತುದನ್ನೇ ಆ ತಾಯಿ ದೊಡ್ಡ ಗೆಲುವೆಂದು ತಿಳಿದಿದ್ದಾರೆ; ನಾನೂ ಹಾಗೆಯೇ ತಿಳಿದಿರುವೆನು.

ಕ್ಲೋಜಪೀನೂ ಎಲ್ಲರಿಗೆ ಹಿಡಿಯದು. ಹಾಗಾದಾಗ ಅದರ ಜೊತೆಗೆ ಬೇರೆ ಮದ್ದು ಕೂಡಿಸುವುದುಂಟು, ವಿದ್ಯುತ್ ಚಿಕಿತ್ಸೆ ಕೊಡುವುದುಂಟು. ಕರೆಂಟು ಎಂದೊಡನೆ ಜನ ಹೆದರುವರು. ಸಿನಿಮಾಗಳಲ್ಲಿ ತೋರಿಸುವ ಹಾಗೆ ಎಚ್ಚರವಿರುವವನಿಗೆ ಕೊಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯದೆಯಂತೆ ನಿಷಿದ್ಧ. ಅರಿವಳಿಕೆ ಕೊಟ್ಟೇ ಮಾಡತಕ್ಕದ್ದು.

ಇನ್ನು ಕ್ಷೇತ್ರ, ದರ್ಗಾಗಳ ಮಾತು. ನಮ್ಮ ಜನ ಕುರುವಪುರಕ್ಕೆ ಹೋಗುವರು, ಗಾಣಗಾಪುರಕ್ಕೆ ಹೋಗುವರು, ತಾಯಿತ ಕಟ್ಟಿಸುವರು. ನಾನು ಬೇಡವೆನ್ನುವವನಲ್ಲ. ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ಬಂದು ತಂಗಿದ ಮನೋರೋಗಿಗಳನ್ನು ನಿಮ್ಹಾನ್ಸಿನ ರಘುರಾಮ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಲೇಖನವೊಂದುಂಟು. ಕೆಲವು ವಾರ ಅಲ್ಲಿ ಶಾಂತವಾಗಿ ಇದ್ದವರ ರೋಗಲಕ್ಷಣಗಳು ನೂರಕ್ಕೆ ಸುಮಾರು 20ರಷ್ಟು ಇಳಿದಿದ್ದುವು. ಹೆದರಿಸದೆ, ಕಟ್ಟಿಹಾಕದೆ, ಮನೆಯವರೊಡನೆ ಇರಗೊಟ್ಟುದರ ಫಲವಿದ್ದೀತು ಅದು. ಅದೇ ನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ ಬೆಂದು ಸತ್ತರು. ಸತ್ತವರು 28 ಮಂದಿ. ದೇವರ ಸನ್ನಿಧಿಯಲ್ಲಾಗಲಿ ಹಿತ್ತಲಿನಲ್ಲಾಗಲಿ ರೋಗಿಯನ್ನು ಸರಪಳಿಯಿಂದ ಕಟ್ಟುವುದು ಇಂದು ಕಾಯದೆಗೆ ವಿರುದ್ಧ. ಕ್ಷೇತ್ರಕ್ಕೆ ಹೋಗುವವರು ಗುಳಿಗೆಯ ಡಬ್ಬಿಯನ್ನು ಗಂಟಿನಲ್ಲಿ ಇಟ್ಟುಕೊಂಡು ಹೋಗಲಿ. ನನ್ನ ಬಿನ್ನಹ ಇಷ್ಟೇ.

ಈಗ ಸಂಘದ ಮುಂದೆ ಒಂದು ಸೂಚನೆಯನ್ನು ಇಡುವೆನು. 1985ರಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಇಂಥ ರೋಗಿಗಳನ್ನು ಹಳ್ಳಿಯ ಮಟ್ಟದಲ್ಲಿಯೇ ನೋಡಿಕೊಳ್ಳಬಹುದೆಂದು ತೋರಿಸಿದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು 1996ರಿಂದ ದೇಶದಲ್ಲಿ ಹಬ್ಬಿದುದು ಆ ಬಳ್ಳಾರಿಯ ಮಾದರಿಯೇ. ತುಂಗಭದ್ರೆಯ ಆಚೆ ಆದುದು ಕೃಷ್ಣೆಯ ಈಚೆ ಆಗದೇಕೆ? 2024ರಲ್ಲಿ ನಾರಾಯಣಪೇಟೆಗೂ ಗದ್ವಾಲಕ್ಕೂ ಸರಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಸಂಘವು ಆಸ್ಪತ್ರೆ ಕಟ್ಟಬೇಕೆಂದು ನಾನು ಕೇಳುವುದಿಲ್ಲ. ಕ್ಲೋಜಪೀನ್ ಆರಂಭಿಸಿದ ಬಡ ರೋಗಿಗೆ ಮೊದಲ 18 ವಾರದ ರಕ್ತಪರೀಕ್ಷೆಯ ಮತ್ತು ಬಸ್ಸಿನ ಖರ್ಚನ್ನು ವಹಿಸಲಿ. ವಿದ್ಯಾರ್ಥಿವೇತನದ ನಿಧಿಗೆ ಕೈಹಚ್ಚಬೇಕಾದುದಿಲ್ಲ. ಈ ಸಭೆಯಲ್ಲಿ ಕುಳಿತ ಹತ್ತು ಮನೆಯವರು ಮನಸ್ಸು ಮಾಡಿದರೆ ಒಬ್ಬ ರೋಗಿಯ ಲೆಕ್ಕ ಮುಗಿಯುವುದು. ಎರಡನೆಯದಾಗಿ, ಒಂದು ಪುಸ್ತಕ ಅಚ್ಚುಹಾಕಿಸಲಿ, ಕನ್ನಡ ತೆಲುಗು ಎರಡರಲ್ಲಿಯೂ. ಯಾವ ಮದ್ದು, ಎಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏಕೆ ನಿಲ್ಲಿಸಿದರು, ರಕ್ತದ ಎಣಿಕೆ ಎಷ್ಟು: ಇಷ್ಟು ಅಂಕಣಗಳು ಸಾಕು. ರಾಯಚೂರಿಗೆ ಹೋದರೂ ಮುಂಬಯಿಗೆ ಹೋದರೂ ಆ ಪುಸ್ತಕ ಜೊತೆಗೆ ಹೋಗುವುದು.

ಭಾಷಣಕ್ಕೆ ಮುಂಚೆ ಕೆಲವರು ಚೀಟಿಯಲ್ಲಿ ಪ್ರಶ್ನೆಗಳನ್ನು ಬರೆದುಕೊಟ್ಟಿರುವರು. ಹೊತ್ತಾದುದರಿಂದ ಮೂರಕ್ಕೆ ಮಾತ್ರ ಉತ್ತರ ಹೇಳುವೆನು.

"ಮದುವೆ ಮಾಡಿದರೆ ಸರಿಹೋಗುವನೇ?" ಹೋಗುವುದಿಲ್ಲ. ಗುಣವಾದವರು ಮದುವೆಯಾಗಬಹುದು, ಗುಣವಾಗಲೆಂದು ಮದುವೆ ಮಾಡುವುದು ಎರಡನೆಯ ಮನೆಯ ಮಗಳಿಗೆ ಮಾಡುವ ಅನ್ಯಾಯ.

"ಸರಕಾರದಿಂದ ಸಹಾಯವುಂಟೇ?" ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯದೆಯು ಮನೋರೋಗವನ್ನೂ ಒಳಗೊಂಡಿದೆ. ನೂರಕ್ಕೆ 40ರಷ್ಟು ಅಸಾಮರ್ಥ್ಯವಿದೆಯೆಂದು ವೈದ್ಯಮಂಡಳಿ ಪ್ರಮಾಣಪತ್ರ ಕೊಟ್ಟರೆ ಪಿಂಚಣಿಗೆ ಅರ್ಜಿ ಹಾಕಬಹುದು.

ಮೂರನೆಯ ಚೀಟಿಯಲ್ಲಿ ಹೆಸರಿಲ್ಲ. "ಮಗ ರಾತ್ರಿಯೆಲ್ಲ ಯಾರೊಡನೆಯೋ ಮಾತಾಡುತ್ತಾನೆ, ಊರಲ್ಲಿ ಹೇಳಲು ನಾಚಿಕೆ, ಯಾರನ್ನು ಕೇಳಲಿ?" ಎಂದು ಬರೆದಿದೆ. ತಾಯೀ, ಟೆಲಿಮಾನಸ್ ಎಂಬ ಸರಕಾರಿ ಸೇವೆಯು 2022ರ ಅಕ್ಟೋಬರಿನಲ್ಲಿ ಆರಂಭವಾಗಿದೆ. ಸಂಖ್ಯೆ 14416, ಖರ್ಚಿಲ್ಲ, ಹಗಲು ರಾತ್ರಿಯೆನ್ನದೆ ಮಾತನಾಡಬಹುದು, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ. ಅದೂ ಸಂಕೋಚವೆನಿಸಿದರೆ ಸಭೆ ಮುಗಿದ ಬಳಿಕ ಗ್ರಂಥಾಲಯದ ಕೋಣೆಯಲ್ಲಿ ನಾನು ಒಬ್ಬನೇ ಕುಳಿತಿರುವೆನು. ಸಂಜೆಯ ಬಸ್ಸಿನ ತನಕ ಇರುವೆನು.